ಒಂದು ಫುಲ್‌ಸ್ಟಾಪ್ ತಂದ ಪಜೀತಿ: ಇಂಗ್ಲಿಷ್ ಕ್ಲಾಜ್ ನನಗೆ ಅರ್ಥವಾದದ್ದು ಹೀಗೆ

ಶಿರಸಿ-ಕುಮಟಾ ರಸ್ತೆಯ ಬದಿಯಲ್ಲಿ ನಮ್ಮದೊಂದು ಅಡಿಕೆ ತೋಟ. ಅಲ್ಲೇ ಎರಡು ಕೋಣೆಯ ಹೋಂಸ್ಟೇ ನಡೆಸುತ್ತೇವೆ. ಅಡುಗೆ ಆಯಿಯದು, ಗೆಸ್ಟುಗಳಿಗೆ ಮೆಸೇಜ್ ಬರೆಯುವುದು ನನ್ನದು. ಓದಿದ್ದೆಲ್ಲ ಕನ್ನಡ ಮಾಧ್ಯಮ. ಕ್ಲಾಜ್ ಎಂದರೆ ಕರ್ತೃ, ಕ್ರಿಯಾಪದ ಎರಡೂ ಇರುವ ವಾಕ್ಯದ ತುಂಡು. ಇಂಡಿಪೆಂಡೆಂಟ್ ಕ್ಲಾಜ್, ಡಿಪೆಂಡೆಂಟ್ ಕ್ಲಾಜ್ ಎಂದು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೆ, ಪರೀಕ್ಷೆ ಮುಗಿದ ಮೇಲೆ ಮರೆತಿದ್ದೆ.

ಒಂದು ಜುಲೈ ತಿಂಗಳು. ಗೋವಾದಿಂದ ಕಾರಿನಲ್ಲಿ ಹೊರಟಿದ್ದ ಗೆಸ್ಟ್ ಒಬ್ಬರಿಗೆ ಹೀಗೆ ಬರೆದೆ: 'ಇಫ್ ಹೆವಿ ರೇನ್ ಕಮ್ಸ್.' ಫುಲ್‌ಸ್ಟಾಪ್. 'ದೇವಿಮನೆ ಘಾಟ್ ರೋಡ್ ವಿಲ್ ಬಿ ಕ್ಲೋಸ್ಡ್.' ಫುಲ್‌ಸ್ಟಾಪ್. 'ಕಮ್ ಬೈ ಯಲ್ಲಾಪುರ.' ಪಾಪ, ಅವರು ಕುಮಟಾದಿಂದ ದೇವಿಮನೆ ಘಾಟ್ ಹತ್ತುವ ನೇರ ದಾರಿ ಬಿಟ್ಟು ಅಂಕೋಲಾದಲ್ಲೇ ತಿರುಗಿ, ಅರಬೈಲ್ ಘಾಟ್ ಹತ್ತಿ, ಯಲ್ಲಾಪುರ ಸುತ್ತಿ ಬಂದರು. ಅವತ್ತು ಮಳೆಯೇ ಇರಲಿಲ್ಲ. ದೇವಿಮನೆ ಘಾಟಿನಲ್ಲಿ ಬಸ್ಸುಗಳು ಆರಾಮಾಗಿ ಓಡಾಡುತ್ತಿದ್ದವು. ಅವರು ಬಂದು ಕೂರುವಷ್ಟರಲ್ಲಿ ಅನ್ನ ಆರಿ ಹೋಗಿತ್ತು. ಆಯಿ ಮತ್ತೆ ಒಲೆ ಹಚ್ಚಿದಳು. 'ರೋಡ್ ವಿಲ್ ಬಿ ಕ್ಲೋಸ್ಡ್ ಅಂತ ನೀವೇ ಬರೆದಿದ್ದಿರಲ್ಲ' ಎಂದು ಅವರು ಮೊಬೈಲ್ ತೋರಿಸಿದರು. ಹೌದು, ಬರೆದಿದ್ದೆ.

ರಾತ್ರಿ ಆ ಮೂರು ಸಾಲನ್ನು ಎದುರಿಗೆ ಇಟ್ಟುಕೊಂಡು ಕೂತೆ. ನಡುವಿನ ಸಾಲು ತಾನೇ ನಿಲ್ಲುತ್ತದೆ. ಅದನ್ನಷ್ಟೇ ಓದಿದರೂ ಪೂರ್ತಿ ಸುದ್ದಿ ಸಿಗುತ್ತದೆ: ರಸ್ತೆ ಬಂದ್. ಇದೇ ಇಂಡಿಪೆಂಡೆಂಟ್. ಮೊದಲ ಸಾಲು ಮಾತ್ರ ನೇತಾಡುತ್ತಿದೆ, ಅದು ಡಿಪೆಂಡೆಂಟ್. ಮಳೆ ಬಂದರೆ... ಏನು? ಫುಲ್‌ಸ್ಟಾಪ್ ಹಾಕಿ ಅದನ್ನು ನಾನೇ ಕಡಿದು ಬಿಟ್ಟಿದ್ದೆ. ಅಡಿಕೆ ಮರದಿಂದ ಮೆಣಸಿನ ಬಳ್ಳಿ ಬಿಡಿಸಿ ಎಸೆದ ಹಾಗೆ. ಮರ ನಿಂತೇ ಇತ್ತು, ಬಳ್ಳಿ ಯಾರ ಕಣ್ಣಿಗೂ ಬೀಳಲಿಲ್ಲ.

ಆದರೆ ಕನ್ನಡದಲ್ಲಿ ನಾನು ಈ ತಪ್ಪು ಮಾಡುವುದೇ ಇಲ್ಲವಲ್ಲ, ಯಾಕೆ? 'ಮಳೆ ಬಂದರೆ' ಎಂದು ಆಯಿ ನಿಲ್ಲಿಸಿದರೆ ಮನೆಯವರೆಲ್ಲ ಮುಂದಿನ ಮಾತಿಗೆ ಕಾಯುತ್ತೇವೆ. ಮಾತು ಮುಗಿದಿಲ್ಲ ಎಂದು ಆ 'ರೆ' ಹೇಳುತ್ತದೆ. ಬಂದರೂ, ಬಂದಾಗ, ಬಂದು, ಬರುವ... ಕನ್ನಡದಲ್ಲಿ ಎರಡು ಮಾತನ್ನು ಕಟ್ಟುವ ಗಂಟು ಇರುವುದು ಕ್ರಿಯಾಪದದ ಬಾಲದಲ್ಲಿ. ಇಂಗ್ಲಿಷಿನಲ್ಲಿ ಅದು ತಲೆಯ ಮೇಲೆ ಕೂತಿದೆ: ಇಫ್, ವೆನ್, ಬಿಕಾಸ್, ದೋ, ಅನ್‌ಲೆಸ್. 'ರೇನ್ ಕಮ್ಸ್' ಎನ್ನುವಲ್ಲಿ ಕ್ರಿಯಾಪದ ಪೂರ್ತಿಯಾಗಿಯೇ ಕಾಣುತ್ತದೆ. ಬಾಲ ನೋಡಿ ಅಭ್ಯಾಸವಾದ ನನಗೆ ಅಲ್ಲಿಗೆ ಬರುವ ಹೊತ್ತಿಗೆ ತಲೆಯ ಮೇಲಿನ ಇಫ್ ಮರೆತೇ ಹೋಗುತ್ತಿತ್ತು. ಕೈ ತಾನಾಗಿ ಚುಕ್ಕಿ ಇಡುತ್ತಿತ್ತು.

ಅವತ್ತಿನಿಂದ ಬರೆದದ್ದನ್ನು ಕಳಿಸುವ ಮೊದಲು ಪ್ರತಿ ವಾಕ್ಯದ ಮೊದಲ ಪದವನ್ನು ಹೆಬ್ಬೆರಳಿನಿಂದ ಮುಚ್ಚಿ ನೋಡುತ್ತೇನೆ. ಮುಚ್ಚಿದಾಗ ಉಳಿದದ್ದು ನಿಲ್ಲುತ್ತದೆ, ಬೆರಳು ತೆಗೆದಾಗ ನೇತಾಡುತ್ತದೆ ಅಂದ್ರೆ ಅದು ಡಿಪೆಂಡೆಂಟ್. 'ವಿಚ್', 'ಹೂ' (who) ಪದಗಳು ಬಂದಾಗ ಈ ಉಪಾಯ ಅಷ್ಟು ಚೆನ್ನಾಗಿ ನಡೆಯುವುದಿಲ್ಲ. ಅಲ್ಲಿ ಆ ಪದವೇ ಕರ್ತೃ ಆಗಿರಬಹುದು, ಮುಚ್ಚಿದರೆ ಉಳಿದದ್ದಕ್ಕೆ ಕರ್ತೃವೇ ಇರುವುದಿಲ್ಲ.

'ದೋ' ಜೊತೆ ಇನ್ನೊಂದು ಜಗಳವಿತ್ತು. 'ದೋ ಇಟ್ ಈಸ್ ರೈನಿಂಗ್, ಬಟ್ ದಿ ಬಸ್ ಈಸ್ ರನ್ನಿಂಗ್' ಎಂದು ನಾವೆಷ್ಟು ಜನ ಬರೆಯುವುದಿಲ್ಲ ಹೇಳಿ! ಕನ್ನಡದಲ್ಲಿ 'ಮಳೆ ಬರುತ್ತಿದ್ದರೂ ಬಸ್ಸು ಓಡುತ್ತಿದೆ' ಎಂದರೆ ಸಾಕು, ನಡುವೆ 'ಆದರೆ' ಬೇಡ. ಇಂಗ್ಲಿಷಿಗೂ ಒಂದೇ ಗಂಟು ಸಾಕು. ದೋ ಇಡಿ, ಇಲ್ಲ ಬಟ್ ಇಡಿ.

'ಬಿಕಾಸ್' ಮಾತ್ರ ಕನ್ನಡದಿಂದಲೇ ಕೈಕೊಟ್ಟಿತು. 'ಕಾರು ತರಬೇಡಿ. ಯಾಕಂದ್ರೆ ಮಾರಿಕಾಂಬಾ ಜಾತ್ರೆ ಇದೆ.' ನಮಗಿದು ಸರಿಯೇ, ಅಲ್ವಾ? ಇದನ್ನೇ ಚುಕ್ಕಿ ಸಮೇತ ಇಂಗ್ಲಿಷಿಗೆ ಇಳಿಸಿದರೆ ಬಿಕಾಸ್ ಸಾಲು ಅರ್ಧ ವಾಕ್ಯ. ಚಾಟಿನಲ್ಲಿ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಬ್ಯಾಂಕಿಗೆ ಪತ್ರ ಬರೆಯುವಾಗ ಮಾತ್ರ ನಾನು 'ಯಾಕಂದ್ರೆ' ಬಿಟ್ಟು ಮನಸ್ಸಿನಲ್ಲೇ 'ಇರೋದರಿಂದ' ಎಂದುಕೊಳ್ಳುತ್ತೇನೆ. ಆಗ ಎರಡೂ ತಾವೇ ಅಂಟಿಕೊಳ್ಳುತ್ತವೆ.

ನನಗೆ ಭಾರೀ ಖುಷಿ ಕೊಟ್ಟದ್ದು ಕಾಲದ ವಿಷಯ. 'ವೆನ್ ಯು ವಿಲ್ ರೀಚ್ ಶಿರಸಿ, ಕಾಲ್ ಮಿ' ಎಂದು ವರ್ಷಗಟ್ಟಲೆ ಬರೆದಿದ್ದೇನೆ. ಮುಟ್ಟುವುದು ಮುಂದೆ ತಾನೇ, ವಿಲ್ ಬೇಕು ಎನ್ನುವ ಲೆಕ್ಕ. ಅಲ್ಲಿ ವಿಲ್ ಬರುವುದಿಲ್ಲ, 'ವೆನ್ ಯು ರೀಚ್' ಸಾಕು. ಸುಮ್ನೆ ಒಂದು ನಿಯಮ ಎಂದುಕೊಂಡಿದ್ದೆ. ಆಮೇಲೆ ನನ್ನದೇ ಮಾತು ಕಿವಿಗೆ ಬಿತ್ತು: 'ಶಿರಸಿ ಮುಟ್ಟಿದಾಗ ಫೋನ್ ಮಾಡಿ.' ಮುಟ್ಟಿದಾಗ! ಅವರಿನ್ನೂ ಕಾರವಾರ ದಾಟಿಲ್ಲ, ನಾನು ಭೂತಕಾಲದ ರೂಪ ಬಳಸುತ್ತಿದ್ದೇನೆ. 'ನಾಳೆ ಮಳೆ ಬಂದರೆ' ಕೂಡ ಹಾಗೆಯೇ. ಮುಂದಿನ ಮಾತು ಎನ್ನುವುದನ್ನು ಮುಖ್ಯ ವಾಕ್ಯ ಹೇಳಿಬಿಡುತ್ತದೆ, ಅದಕ್ಕೆ ಜೋತುಬಿದ್ದ ಭಾಗ ಮತ್ತೊಮ್ಮೆ ಹೇಳುವುದಿಲ್ಲ. ಇದೊಂದರಲ್ಲಿ ಎರಡು ಭಾಷೆಗಳೂ ನೆಂಟರು. ಶಾಲೆಯಲ್ಲಿ ಯಾರಾದರೂ ಹೀಗೆ ಹೇಳಿದ್ದರೆ ಎಷ್ಟು ಕೆಂಪು ಶಾಯಿ ಉಳಿಯುತ್ತಿತ್ತೋ.

ಕಾಮಾದ ಕಥೆ ಚಿಕ್ಕದು. ಡಿಪೆಂಡೆಂಟ್ ಮೊದಲು ಬಂದರೆ ಅದರ ಕೊನೆಗೆ ಕಾಮಾ. ಹಿಂದೆ ಬಂದರೆ ಹೆಚ್ಚಾಗಿ ಬೇಡ. ಎರಡು ಇಂಡಿಪೆಂಡೆಂಟುಗಳನ್ನು ಬರೀ ಕಾಮಾದಿಂದ ಅಂಟಿಸಬಾರದು, ಆ್ಯಂಡ್ ಅಥವಾ ಸೋ ಬೇಕು, ಇಲ್ಲವೇ ಚುಕ್ಕಿ ಇಡಬೇಕು.

ಮುಂದಿನ ಮಳೆಗಾಲದಲ್ಲಿ ಇನ್ನೊಬ್ಬ ಗೆಸ್ಟ್ ಗೋವಾದಿಂದಲೇ ಹೊರಟರು. ಈ ಸಲ ಹೆಬ್ಬೆರಳು ಇಟ್ಟು, ಕಾಮಾ ಹಾಕಿ, ಬಹಳ ಜಂಬದಿಂದ ಕಳಿಸಿದೆ: 'ಇಫ್ ಇಟ್ ರೇನ್ಸ್ ಹೆವಿಲಿ ಟುಮಾರೋ, ಟೇಕ್ ದಿ ಯಲ್ಲಾಪುರ ರೋಡ್.' ಎರಡೇ ನಿಮಿಷಕ್ಕೆ ಉತ್ತರ ಬಂತು.

'ಆ್ಯಂಡ್ ಇಫ್ ಇಟ್ ಡಸಂಟ್?'