ಕೂಲಿಂಗ್ ಗ್ಲಾಸ್ ಕೊಳ್ಳುವಾಗ ಮೊದಲು ಸ್ಕ್ರೂ ನೋಡಿ

ನನ್ನ ಮೊದಲ ‘ಪರಿಸರಸ್ನೇಹಿ’ ಕೂಲಿಂಗ್ ಗ್ಲಾಸ್ ಬಿದಿರಿನದು. ಹಗುರವಾಗಿತ್ತು, ನೋಡೋಕೂ ಚೆಂದ. ಎಂಟೇ ತಿಂಗಳಲ್ಲಿ ಬೆವರು ಕುಡಿದು ಕುಡಿದು, ಕಿವಿಯ ಹತ್ತಿರ ಕಡ್ಡಿಯ ಪದರಗಳು ಬಿಟ್ಟುಕೊಂಡವು. ರಿಪೇರಿಗೆ ಒಯ್ದರೆ ಅಂಗಡಿಯವರು ತಿರುಗಿಸಿ ನೋಡಿ, ‘ಕೀಲನ್ನು ಅಂಟು ಹಾಕಿ ಕೂರಿಸಿದ್ದಾರೆ, ಬಿಚ್ಚೋಕೆ ಬರಲ್ಲ’ ಅಂದರು. ಅಂದು ನಾನು ಹಾಕಿಕೊಂಡು ಹೋಗಿದ್ದ ಅಸಿಟೇಟ್ (ಒಂದು ಬಗೆಯ ಪ್ಲಾಸ್ಟಿಕ್) ಕನ್ನಡಕಕ್ಕೆ ಆಗಲೇ 11 ವರ್ಷ. ಎರಡು ಸಲ ಸ್ಕ್ರೂ ಬದಲಾಗಿದೆ, ಒಂದು ಸಲ ಲೆನ್ಸ್, ಅಷ್ಟೇ.

ಅಂದಿನಿಂದ ನಾನು ಮೊದಲು ನೋಡೋದು ಕೀಲನ್ನೇ. ಕಡ್ಡಿ ಮಡಚಿ, ಒಳಬದಿಯನ್ನು ಬೆಳಕಿಗೆ ಹಿಡಿಯಿರಿ. ಸ್ಕ್ರೂ ತಲೆ ಕಾಣುತ್ತಿದ್ದರೆ ಮುಂದೆಯೂ ಬಿಚ್ಚಬಹುದು, ಬಿಗಿ ಮಾಡಬಹುದು. ಲೆನ್ಸ್ ಬದಲಾಯಿಸೋಕೆ ಬರುತ್ತದಾ ಅಂತಲೂ ಕೇಳಿ.

ಇನ್ನು ವಸ್ತು. ಅಸಿಟೇಟ್ ಅಂದರೆ ಹತ್ತಿ ಇಲ್ಲವೇ ಮರದ ತಿರುಳಿನ ಸೆಲ್ಯುಲೋಸ್‌ನಿಂದ ಮಾಡಿದ್ದು. ಹಾಗಾದರೆ ‘ಬಯೋ ಅಸಿಟೇಟ್’ನಲ್ಲಿ ಹೊಸತೇನು? ಅಸಿಟೇಟನ್ನು ಮೆತ್ತಗೆ ಮಾಡೋಕೆ ಒಂದು ರಾಸಾಯನಿಕ ಬೆರೆಸುತ್ತಾರೆ. ಮಾಮೂಲಿಯದರಲ್ಲಿ ಅದು ಹೆಚ್ಚಾಗಿ ಪೆಟ್ರೋಲಿಯಂ ಮೂಲದ ಥ್ಯಾಲೇಟ್, ಬಯೋದಲ್ಲಿ ಗಿಡಮೂಲದ್ದು. ಎರಡನ್ನೂ ಬಿಸಿ ಮಾಡಿ ಮುಖಕ್ಕೆ ತಕ್ಕಂತೆ ಬಗ್ಗಿಸಬಹುದು. ನನ್ನ ಆಯ್ಕೆ ಅಸಿಟೇಟೇ.

ಹರಳೆಣ್ಣೆಯಿಂದ ತಯಾರಾಗುವ ನೈಲಾನ್ ಕೂಡ ಇದೆ, ಪಾಲಿಅಮೈಡ್ 11 ಅಂತ. ಹಗುರ, ಗಟ್ಟಿ, ಓಡುವವರಿಗೆ ಒಳ್ಳೆಯದು. ಗಿಡದಿಂದ ಬಂತು ಅಂದ ಮಾತ್ರಕ್ಕೆ ಮಣ್ಣಲ್ಲಿ ಕೊಳೆಯುತ್ತೆ ಅಂದುಕೊಳ್ಳಬೇಡಿ, ಅದು ಕೊಳೆಯಲ್ಲ. ‘ಮೀನಿನ ಬಲೆಯಿಂದ ಮಾಡಿದ್ದು’, ಅಂದರೆ ಹಳೆಯ ಬಲೆಯ ಪ್ಲಾಸ್ಟಿಕ್ ಮರುಬಳಸಿದ್ದು ಅಂತ ಹೇಳಿದರೆ, ನೇರವಾಗಿ ಕೇಳಿ: ಶೇಕಡಾ ಎಷ್ಟು? ಇಡೀ ಫ್ರೇಮಾ, ಬರೀ ಕಡ್ಡಿನಾ? ಉತ್ತರ ಬರೀ ಎಲೆಯ ಚಿತ್ರವಾಗಿದ್ದರೆ ಸುಮ್ನೆ ಎದ್ದು ಬನ್ನಿ. ಮರ, ಬಿದಿರು ಬೇಕೇ ಬೇಕು ಅಂದರೆ ಮೇಲೆ ಲೇಪ ಚೆನ್ನಾಗಿದೆಯಾ, ಕೀಲು ಲೋಹದ್ದಾ ನೋಡಿಕೊಳ್ಳಿ.

ಫ್ರೇಮ್ ಎಷ್ಟೇ ಹಸಿರಾಗಿರಲಿ, ಲೆನ್ಸ್ ಸರಿ ಇಲ್ಲದಿದ್ದರೆ ತಗೊಳ್ಳಲೇಬೇಡಿ. ಯುವಿ 400 ಅಂತ ಇರಬೇಕು, ಅಂದರೆ 400 ನ್ಯಾನೋಮೀಟರ್‌ವರೆಗಿನ ನೇರಳಾತೀತ ಕಿರಣ ತಡೆಯುವಂಥದ್ದು. ಬಣ್ಣ ಕಪ್ಪಗಿದ್ದು ಈ ತಡೆ ಇಲ್ಲದಿದ್ದರೆ ಇನ್ನೂ ಅಪಾಯ: ಕತ್ತಲೆಗೆ ಕಣ್ಣಿನ ಪಾಪೆ ಹಿಗ್ಗುತ್ತದೆ, ಕಿರಣ ಜಾಸ್ತಿ ಒಳಗೆ ಹೋಗುತ್ತದೆ. ಕನ್ನಡಕದ ಅಂಗಡಿಯಲ್ಲಿ ಯುವಿ ಮೀಟರ್ ಇದ್ದರೆ ಅಲ್ಲೇ ಪರೀಕ್ಷೆ ಮಾಡಿಸಿ. ಲೆನ್ಸ್ ಎಷ್ಟು ಕಪ್ಪು ಅಂತ ಹೇಳೋಕೆ 0ರಿಂದ 4ರವರೆಗೆ ಕ್ಯಾಟಗರಿ ಇರುತ್ತದೆ, ಬಿಸಿಲಿಗೆ ಕ್ಯಾಟಗರಿ 3 ಸಾಕು. 4 ಹಾಕಿಕೊಂಡು ಗಾಡಿ ಓಡಿಸುವಂತಿಲ್ಲ. ಪೋಲರೈಸ್ಡ್ ಅನ್ನೋದು ನೀರು, ರಸ್ತೆಯ ಮೇಲಿನ ಕಣ್ಣು ಕುಕ್ಕುವ ಹೊಳಪು ತಗ್ಗಿಸೋಕೆ, ಅದು ಯುವಿ ತಡೆಯುವುದಕ್ಕೆ ಬದಲಿ ಅಲ್ಲ.

ಮನೆಗೆ ತಂದ ಮೇಲೆ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಮಾತ್ರ ಬಿಡಬೇಡಿ. ಆ ಕಾವಿಗೆ ಅಸಿಟೇಟ್ ಸೊಟ್ಟಗಾಗುತ್ತದೆ. ಒರೆಸುವ ಮುಂಚೆ ನೀರಲ್ಲಿ ತೊಳೆಯಿರಿ, ಇಲ್ಲದಿದ್ದರೆ ಧೂಳೇ ಲೆನ್ಸನ್ನು ಗೀರುತ್ತದೆ. ನನ್ನ 11 ವರ್ಷದ ಕನ್ನಡಕದ ಆ ಒಂದು ಲೆನ್ಸ್ ಹೋಗಿದ್ದೂ ಅಂಗಿಯ ಚುಂಗಿನಿಂದ ಒರೆಸಿ ಒರೆಸಿಯೇ.