ಕ್ರ್ಯಾಂಕ್ ಪುಲ್ಲಿಯನ್ನು ಅಂಚು ಹಿಡಿದು ಎಳೆಯಬೇಡಿ

ಮಲ್ಪೆ ಬಂದರಿಗೆ ದಿನಾ ಹೋಗಿಬರುವ ಕಾರನ್ನು ಅಡಿಯಿಂದ ನೋಡಿದರೇ ಗೊತ್ತಾಗುತ್ತದೆ. ಮೀನಿನ ಲಾರಿಯಿಂದ ರಸ್ತೆಗೆ ಸುರಿಯುವ ಉಪ್ಪುನೀರು, ಸಾಲದ್ದಕ್ಕೆ ಮಳೆಗಾಲ; ಬೋಲ್ಟುಗಳೆಲ್ಲ ತುಕ್ಕು ಹಿಡಿದು ಕಚ್ಚಿ ಕೂತಿರುತ್ತವೆ. ಅಂಥದ್ದೇ ಒಂದು ಹಳೆ ಪೆಟ್ರೋಲ್ ಕಾರು ಉಡುಪಿಯ ನಮ್ಮ ಗ್ಯಾರೇಜಿಗೆ ಬಂತು. ಎಂಜಿನ್ನಿನ ಮುಂದಿನ ಟೈಮಿಂಗ್ ಕವರಿನ ಕೆಳಗೆ ಎಣ್ಣೆ ಒಸರುತ್ತಿತ್ತು. ಕ್ರ್ಯಾಂಕ್, ಅಂದರೆ ಎಂಜಿನ್ನಿನ ತಿರುಗುವ ಶಾಫ್ಟ್, ಹೊರಬರುವಲ್ಲಿ ಎಣ್ಣೆ ತಡೆಯುವ ಮುಂದಿನ ಸೀಲು ಹೋಗಿತ್ತು. ಸೀಲು ಬದಲಿಸಲು ಹೆಚ್ಚು ಹೊತ್ತು ಬೇಡ. ಅದರ ಮುಂದಿನ ಪುಲ್ಲಿ ತೆಗೆಯುವುದೇ ದೊಡ್ಡ ಕೆಲಸ.

ಆ ಪುಲ್ಲಿ ಎಷ್ಟೋ ಕಾರುಗಳಲ್ಲಿ ಒಂದೇ ತುಂಡು ಕಬ್ಬಿಣವಲ್ಲ. ನಡುವೆ ಶಾಫ್ಟಿಗೆ ಕೂರುವ ಹಬ್, ಹೊರಗೆ ಬೆಲ್ಟ್ ಓಡುವ ಭಾರದ ರಿಂಗ್, ಎರಡರ ಮಧ್ಯೆ ರಬ್ಬರ್. ಸಿಲಿಂಡರ್ ಉರಿದಾಗಲೆಲ್ಲ ಕ್ರ್ಯಾಂಕ್ ಒಂಚೂರು ತಿರುಚಿಕೊಳ್ಳುತ್ತದೆ. ಆ ನಡುಕ ತಗ್ಗಿಸಲು ಈ ಏರ್ಪಾಡು. ಪುಲ್ಲಿ ಎಳೆದು ತೆಗೆಯುವ ಮೂರು ಕಾಲಿನ ಪುಲ್ಲರನ್ನು ಹೊರ ಅಂಚಿಗೆ ಸಿಕ್ಕಿಸಿದರೆ ಎಳೆತವೆಲ್ಲ ರಬ್ಬರಿನ ಮೇಲೆ. ಪುಲ್ಲಿ ಬರಲೂಬಹುದು, ಆಮೇಲೆ ಅಂಚು ಓಲಾಡುತ್ತದೆ, ಬೆಲ್ಟ್ ಕಿರುಚುತ್ತದೆ, ಬೈಗುಳ ನಮಗೆ. ಅದಕ್ಕೇ ಮೊದಲು ಹಬ್‌ನಿಂದ ರಿಂಗಿನವರೆಗೆ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆದೆ. ರಬ್ಬರ್ ಜಾರಿದರೆ ಗೆರೆ ತುಂಡಾಗಿ ಕಾಣುತ್ತದೆ.

ಬೆಲ್ಟ್ ಬಿಚ್ಚಿ, ಕ್ರ್ಯಾಂಕ್ ತಿರುಗದಂತೆ ಐದನೇ ಗೇರ್ ಹಾಕಿ, ಹುಡುಗನನ್ನು ಬ್ರೇಕ್ ತುಳಿಯಲು ಕೂರಿಸಿದೆ. ಪುಲ್ಲಿಯ ನಡುವಿನ ಬೋಲ್ಟಿಗೆ ಹಾಕಿದ ಉದ್ದದ ಬಾರಿಗೆ ಪೈಪ್ ಸಿಕ್ಕಿಸಿ ನಿಧಾನಕ್ಕೆ ಒತ್ತುತ್ತಿದ್ದಾಗ ಕಾರಿನವರು, "ಎಂಥ ಮಾರಾಯ್ರೇ, ಒಂದು ಬೋಲ್ಟಿಗೆ ಇಷ್ಟು ಹೊತ್ತಾ? ಬಾರ್ ನೆಲಕ್ಕೆ ಆನಿಸಿ ಒಂದು ಸೆಲ್ಫ್ ಹೊಡೆದ್ರೆ ಬರುದಿಲ್ವಾ?" ಅಂದರು.

"ಬರ್ತದೆ. ಬಾರ್ ಜಾರಿದ್ರೆ ನನ್ನ ಕೈಯೂ ಬರ್ತದೆ."

ಕೆಲವು ಎಂಜಿನ್‌ಗಳಲ್ಲಿ ಈ ಬೋಲ್ಟಿನ ಥ್ರೆಡ್ ಉಲ್ಟಾ. ಇನ್ನು ಕೆಲವದರಲ್ಲಿ ಶಾಫ್ಟಿನ ಮೇಲೆ ಜಾರದಂತೆ ಹಿಡಿಯುವ ಸಣ್ಣ ಲೋಹದ ತುಂಡು, ಅಂದರೆ ಕೀ, ಇರುವುದಿಲ್ಲ; ಬೋಲ್ಟ್ ಸಡಿಲಿಸಿದರೆ ಪಿಸ್ಟನ್ನು-ವಾಲ್ವುಗಳ ಹೊಂದಾಣಿಕೆಯಾದ ಟೈಮಿಂಗೇ ತಪ್ಪಬಹುದು. ಮ್ಯಾನುಯಲ್ ನೋಡದೆ ಬಾರ್ ಹಿಡಿಯುವವರ ಧೈರ್ಯ ನನಗಿಲ್ಲ.

ಬೋಲ್ಟ್ ಬಂದ ಮೇಲೆ ಹಬ್ ಮತ್ತು ಶಾಫ್ಟ್ ಸೇರುವಲ್ಲಿ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ರಬ್ಬರಿಗೆ ತಾಗದಂತೆ ಒರೆಸಿದೆ. ಈ ಪುಲ್ಲಿಯ ಹಬ್‌ನಲ್ಲಿ ಥ್ರೆಡ್ ಇರುವ ಎರಡು ತೂತು ಉಂಟು, ಕಂಪನಿ ಕೊಟ್ಟಿರುವುದು ಎಳೆಯಲಿಕ್ಕೇ. ಪುಲ್ಲರನ್ನು ಹಿಡಿಯುವ ಗಟ್ಟಿ ಬೋಲ್ಟುಗಳನ್ನು ಅಲ್ಲಿಗೇ ಹಾಕಿ, ಥ್ರೆಡ್ ಪೂರ್ತಿ ಹಿಡಿಯುವಷ್ಟು ತಿರುಗಿಸಿದೆ. ಹೆಚ್ಚು ಒಳಗೆ ಹೋದರೆ ಹಿಂದಿನ ಕವರಿಗೆ ಚುಚ್ಚುತ್ತದೆ. ಪುಲ್ಲರಿನ ಸ್ಕ್ರೂ ಶಾಫ್ಟಿನ ಬಾಯಿಗೇ ಒತ್ತಿದರೆ ಒಳಗಿನ ಥ್ರೆಡ್ ಕೆಡುತ್ತದೆಂದು ತೂತಿನೊಳಗೆ ಸಪೂರದ ರಾಡಿನ ತುಂಡು ಇಳಿಸಿದೆ. ಸ್ವಲ್ಪ ಬಿಗಿ ಕೊಡುವುದು, ಎರಡೂ ಕಡೆ ಸಮ ಉಂಟಾ ನೋಡುವುದು, ಮತ್ತೆ ಬಿಗಿ. ಕೊನೆಗೆ ಟಕ್ ಎಂದು ಬಿಟ್ಟಿತು. ಸುತ್ತಿಗೆ ಮುಟ್ಟಲಿಲ್ಲ. ಗ್ಯಾಸ್ ಕಟ್ಟರಿನ ಬೆಂಕಿ ಹಿಡಿದರೆ ರಬ್ಬರ್ ಸುಡುತ್ತದೆ, ಸ್ಕ್ರೂಡ್ರೈವರ್ ತುರುಕಿ ಮೀಟಿದರೆ ಅಲ್ಯುಮಿನಿಯಂ ಕವರ್ ಸೀಳುತ್ತದೆ.

ಗೆರೆ ನೆಟ್ಟಗಿತ್ತು. ಆದರೆ ಸೀಲಿನ ತುಟಿ ಉಜ್ಜುವ ಜಾಗದಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಸವೆತ. ಹೊಸ ಸೀಲನ್ನು ಪೂರ್ತಿ ಒಳಗೆ ತಳ್ಳದೆ ಒಂಚೂರು ಹೊರಗೇ ನಿಲ್ಲಿಸಿದೆ, ತುಟಿ ಸವೆಯದ ಜಾಗಕ್ಕೆ ಕೂರಲಿ ಎಂದು.

ಕೂರಿಸುವಾಗ ಹಬ್‌ಗೆ ಎಂಜಿನ್ ಆಯಿಲ್ ಸವರಿ, ಕೀ ಸರಿಹೊಂದಿಸಿ, ಬೋಲ್ಟಿನಿಂದಲೇ ಒಳಗೆಳೆದೆ. ಕೊನೆಯ ಬಿಗಿ ಟಾರ್ಕ್ ರೆಂಚಿನಲ್ಲಿ, ಮ್ಯಾನುಯಲ್ ಹೇಳಿದಷ್ಟು. ಸಣ್ಣ ಕಾರಿಗೂ ಅದು ಸಾಮಾನ್ಯವಾಗಿ 100 ನ್ಯೂಟನ್ ಮೀಟರ್ ದಾಟುತ್ತದೆ. ಸ್ಟಾರ್ಟ್ ಮಾಡಿ ಬದಿಯಿಂದ ನೋಡಿದೆ, ಅಂಚು ಓಲಾಡಲಿಲ್ಲ. ಕವರನ್ನು ಒರೆಸಿ, ಮುಂದಿನ ವಾರ ಒಮ್ಮೆ ತಂದು ತೋರಿಸಿ ಎಂದು ಕಳುಹಿಸಿದೆ.