ನಾಲ್ಕು ಸಾವಿರ ಮೀಟರ್ ಎತ್ತರದಲ್ಲಿ ಚಿನ್ನದ ಗಣಿ ಕಟ್ಟುವುದು: ನನ್ನ ಅನುಭವ

ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ 101 ಕಿಲೋಪ್ಯಾಸ್ಕಲ್. 4,000 ಮೀಟರ್ ಎತ್ತರದಲ್ಲಿ ಅದು ಸುಮಾರು 62ಕ್ಕೆ ಇಳಿದಿರುತ್ತದೆ. ಯಂತ್ರಗಳ ಪಟ್ಟಿ ಮಾಡಲು ಕೂತಾಗ ಹಾಳೆಯ ತಲೆಯ ಮೇಲೆ ನಾನು ಮೊದಲು ಬರೆದುಕೊಳ್ಳುವುದು ಈ ಸಂಖ್ಯೆಯನ್ನು. ಅದಿರಿನಲ್ಲಿ ಟನ್ನಿಗೆ ಎಷ್ಟು ಗ್ರಾಂ ಚಿನ್ನ ಎಂಬ ಲೆಕ್ಕ ಎಲ್ಲರ ಬಾಯಲ್ಲೂ ಇರುತ್ತದೆ. ಗಾಳಿ ಮತ್ತು ರಸ್ತೆಯ ಲೆಕ್ಕ ಹಾಕುವವರು ಕಡಿಮೆ, ಬಜೆಟ್ ಜಾರುವುದು ಮಾತ್ರ ಅಲ್ಲೇ.

ಡ್ರಿಲ್ಲಿಂಗ್ ಹಂತದಲ್ಲಿ ರಸ್ತೆ ಇರುವುದಿಲ್ಲ. ರಿಗ್ಗನ್ನು (ಕೊರೆಯುವ ಯಂತ್ರವನ್ನು) ಬಿಡಿಭಾಗ ಮಾಡಿ ಹೆಲಿಕಾಪ್ಟರ್‌ಗೆ ತೂಗುಹಾಕಿ ಸಾಗಿಸಬೇಕು. ಬಿಸಿಲೇರಿದಂತೆ ಗಾಳಿ ಇನ್ನಷ್ಟು ತೆಳುವಾಗಿ ಎತ್ತುವ ಶಕ್ತಿ ಕುಗ್ಗುತ್ತದೆ. ಹಾಗಾಗಿ ಭಾರದ ತುಂಡುಗಳನ್ನು ಬೆಳಗ್ಗೆ ತಂಪಿರುವಾಗಲೇ ಮುಗಿಸಿ, ಪೈಪು, ಮರಮುಟ್ಟುಗಳನ್ನು ಆಮೇಲೆ ಎತ್ತುತ್ತೇವೆ. ರಂಧ್ರವನ್ನು ಪಿಕ್ಯೂ ಗಾತ್ರದಲ್ಲಿ (ಹೊರಬರುವ ಕಲ್ಲಿನ ಕಂಬ, ಅಂದರೆ ಕೋರ್‌ನ ವ್ಯಾಸ 85 ಮಿ.ಮೀ.) ಶುರು ಮಾಡಿ, ಕಲ್ಲು ಗಟ್ಟಿಯಾದ ಮೇಲೆ ಎಚ್‌ಕ್ಯೂಗೆ (63.5 ಮಿ.ಮೀ.) ಇಳಿಯುವುದು ಒಳ್ಳೆಯದು. ಕೆಳಗೆ ಕಲ್ಲು ಕೊರೆಯುವ ಕೊಳವೆಯನ್ನು ಹಿಡಿದುಕೊಂಡರೆ ಎನ್‌ಕ್ಯೂಗೂ (47.6 ಮಿ.ಮೀ.) ಇಳಿಯಲು ಆಗ ಜಾಗ ಉಳಿದಿರುತ್ತದೆ. ಎಚ್‌ಕ್ಯೂನಲ್ಲೇ ಆರಂಭಿಸಿದರೆ ಆ ಅವಕಾಶ ಬೇಗ ಮುಗಿದುಹೋಗುತ್ತದೆ.

ಚಿನ್ನ ಹೆಚ್ಚಾಗಿ ಕೂತಿರುವುದು ಬಿರುಕುಬಿಟ್ಟ, ಜೇಡಿ ತುಂಬಿದ ಪಟ್ಟಿಗಳಲ್ಲಿ. ಡ್ರಿಲ್ಲಿಂಗ್ ನೀರು ಮೊದಲು ತೊಳೆದುಕೊಂಡು ಹೋಗುವುದೂ ಅದನ್ನೇ. ಅಲ್ಲಿ ಟ್ರಿಪಲ್ ಟ್ಯೂಬ್ (ಕೋರ್ ಕದಡದಂತೆ ಕಾಪಾಡುವ ಮೂರನೆಯ ಒಳಕೊಳವೆ) ಹಾಕಿ, 3 ಮೀಟರ್ ಬದಲು 1.5 ಮೀಟರ್ ಓಟದಲ್ಲಿ ಕೊರೆಯಿರಿ. ಕೋರ್ ರಿಕವರಿ (ಕೊರೆದ ಉದ್ದದಲ್ಲಿ ಕೈಗೆ ಸಿಕ್ಕ ಕೋರ್‌ನ ಪಾಲು) ಶೇ 90ಕ್ಕಿಂತ ಕೆಳಗಿಳಿದ ಮೀಟರ್‌ಗಳ ಅಸ್ಸೇಯನ್ನು (ಚಿನ್ನದ ಪ್ರಮಾಣದ ಪರೀಕ್ಷೆಯನ್ನು) ನಾನು ಬೇರೆ ಬಣ್ಣದಲ್ಲಿ ಗುರುತಿಸುತ್ತೇನೆ. ಮಾದರಿಗಳ ಮಾಮೂಲು ದಾರಿ ಹೀಗೆ: ಅರ್ಧ ಕೋರನ್ನು 2 ಮಿ.ಮೀ.ಗೆ ಜಜ್ಜಿ, 1 ಕಿಲೋ ಬೇರ್ಪಡಿಸಿ, ಶೇ 85 ಭಾಗ 75 ಮೈಕ್ರಾನ್ ಜರಡಿಯಲ್ಲಿ ಇಳಿಯುವಷ್ಟು ನುಣ್ಣಗೆ ಅರೆದು, 50 ಗ್ರಾಂ ತೆಗೆದು ಫೈರ್ ಅಸ್ಸೇ (ಕುಲುಮೆಯಲ್ಲಿ ಕರಗಿಸಿ ಚಿನ್ನ ಅಳೆಯುವುದು). ಪ್ರತಿ 20 ಮಾದರಿಗೆ ಒಂದು ಸ್ಟಾಂಡರ್ಡ್ (ಚಿನ್ನದ ಪ್ರಮಾಣ ಮೊದಲೇ ಗೊತ್ತಿರುವುದು), ಒಂದು ಬ್ಲ್ಯಾಂಕ್ (ಚಿನ್ನವೇ ಇಲ್ಲದ್ದು), ಒಂದು ಡ್ಯೂಪ್ಲಿಕೇಟ್ (ಅದೇ ಮಾದರಿಯ ಇನ್ನೊಂದು ಪಾಲು). ಬ್ಲ್ಯಾಂಕನ್ನು ಲೆಕ್ಕ ತುಂಬಿಸಲು ಎಲ್ಲೋ ಸೇರಿಸಬೇಡಿ. ಕಣ್ಣಿಗೆ ಚಿನ್ನ ಕಾಣುವ ಮಾದರಿಯ ಬೆನ್ನಿಗೇ ಇಟ್ಟರೆ ಅರೆಯುವ ಬಟ್ಟಲು ತೊಳೆದಿಲ್ಲದಿದ್ದರೆ ಗೊತ್ತಾಗುತ್ತದೆ. ಡ್ಯೂಪ್ಲಿಕೇಟ್‌ಗಳು ಒಂದಕ್ಕೊಂದು ತಾಳೆಯಾಗದಿದ್ದರೆ ದಪ್ಪ ಕಣಗಳ ಚಿನ್ನ ಇರಬಹುದು ಎಂದರ್ಥ. ಆಗ 1 ಕಿಲೋ ಇಡಿಯಾಗಿ ಜರಡಿ ಹಿಡಿದು ಅಸ್ಸೇ ಮಾಡಿಸಬೇಕು. ಸಾಂದ್ರತೆಯನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ತೂತುತೂತಾದ ಕಲ್ಲಿಗೆ ಮೇಣ ಬಳಿದು ನೀರಿನಲ್ಲಿ ತೂಗದೆ ಹೋದರೆ ಸಾಂದ್ರತೆ ಹೆಚ್ಚಾಗಿ ಬರುತ್ತದೆ. ಅದು ಶೇ 10 ತಪ್ಪಿದರೆ ನಿಕ್ಷೇಪದ ಒಟ್ಟು ಚಿನ್ನವೂ ಅಷ್ಟೇ ತಪ್ಪುತ್ತದೆ.

ಸಯನೈಡ್ ಬಾಟಲ್ ರೋಲ್ ಪರೀಕ್ಷೆಯನ್ನು (ಅರೆದ ಅದಿರನ್ನು ಸಯನೈಡ್ ದ್ರಾವಣದ ಜೊತೆ ಬಾಟಲಿಯಲ್ಲಿ ಉರುಳಿಸಿ ಎಷ್ಟು ಚಿನ್ನ ಕರಗುತ್ತದೆ ಎಂದು ನೋಡುವುದು) ಮೇಲ್ಪದರದ ಆಕ್ಸೈಡ್ ಅದಿರಿಗೆ ಮಾತ್ರ ಮಾಡಿ ಸಂತೋಷಪಡುವುದು ಸಾಮಾನ್ಯ. ಕೆಳಗಿನ ಸಲ್ಫೈಡ್ ಅದಿರಿನಲ್ಲಿ ಚಿನ್ನ ಪೈರೈಟ್, ಆರ್ಸೆನೋಪೈರೈಟ್‌ಗಳೊಳಗೆ ಸಿಕ್ಕಿಕೊಂಡಿದ್ದರೆ ಎಷ್ಟು ಸಯನೈಡ್ ಸುರಿದರೂ ಬಿಡುವುದಿಲ್ಲ. ಪಪುವಾ ನ್ಯೂಗಿನಿಯ ಎತ್ತರದ ಪ್ರದೇಶದ ಪೊರ್ಗೆರಾ ಗಣಿಯಲ್ಲಿ ಇಂಥ ಅದಿರಿಗೆ ಆಟೋಕ್ಲೇವ್ (ಹೆಚ್ಚಿನ ಒತ್ತಡ, ಬಿಸಿಯಲ್ಲಿ ಸಲ್ಫೈಡನ್ನು ಆಕ್ಸಿಜನ್‌ನಿಂದ ಒಡೆಯುವ ಪಾತ್ರೆ) ಕಟ್ಟಬೇಕಾಯಿತು. ಆಟೋಕ್ಲೇವ್ ಅಂದರೆ ಜೊತೆಗೇ ಆಕ್ಸಿಜನ್ ಘಟಕ, ಆಮ್ಲ ತಣಿಸಲು ಸುಣ್ಣದಕಲ್ಲು, ಬಹಳಷ್ಟು ವಿದ್ಯುತ್. ಸಣ್ಣ ನಿಕ್ಷೇಪವಾದರೆ ಫ್ಲೋಟೇಶನ್ (ನೊರೆಯಲ್ಲಿ ತೇಲಿಸಿ ಖನಿಜ ಬೇರ್ಪಡಿಸುವುದು) ಮಾಡಿ ಸಾಂದ್ರೀಕೃತ ಅದಿರನ್ನು ಕೆಳಗೆ ಸಾಗಿಸುವುದೇ ಲೇಸು ಎಂಬುದು ನನ್ನ ಅಭಿಪ್ರಾಯ.

ಇನ್ನು ಸ್ಥಾವರಕ್ಕೆ ಬರೋಣ. ಚಿನ್ನ ಸಯನೈಡ್‌ನಲ್ಲಿ ಕರಗಲು ಆಮ್ಲಜನಕ ಬೇಕು. 20 ಡಿಗ್ರಿಯ ನೀರಿನಲ್ಲಿ ಸಮುದ್ರಮಟ್ಟದಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗುತ್ತದೆ, ಈ ಎತ್ತರದಲ್ಲಿ ಐದೂವರೆಯಷ್ಟೇ. ಬರಿ ಗಾಳಿ ಊದಿದರೆ ಲೀಚಿಂಗ್ (ಚಿನ್ನ ಕರಗಿಸುವ ಕೆಲಸ) ನಿಧಾನವಾಗಿ, ತೊಟ್ಟಿಗಳ ಸಂಖ್ಯೆ ಹೆಚ್ಚಿಸಬೇಕಾಗುತ್ತದೆ. ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸುವ ಪಿಎಸ್‌ಎ ಘಟಕ ಹಾಕಿ, ಆದರೆ ಅದರ ಕಂಪ್ರೆಸರ್ ಕೂಡ ಇದೇ ತೆಳುಗಾಳಿಯನ್ನೇ ಎಳೆದುಕೊಳ್ಳಬೇಕು ಎಂಬುದು ನೆನಪಿರಲಿ. ಕೆಟಲಾಗ್‌ನಲ್ಲಿರುವ ಸಾಮರ್ಥ್ಯವನ್ನು ನಂಬಬೇಡಿ, ನಿಮ್ಮ ಎತ್ತರಕ್ಕೆ ಲೆಕ್ಕ ಹಾಕಿದ ಅಂಕಿಯನ್ನು ತಯಾರಕರಿಂದ ಬರಹದಲ್ಲಿ ಪಡೆಯಿರಿ.

ಕರಗಿದ ಚಿನ್ನವನ್ನು ದ್ರಾವಣದಿಂದ ಕಾರ್ಬನ್ (ಇದ್ದಿಲು) ಹೀರಿಕೊಳ್ಳುತ್ತದೆ. ಹೆಚ್ಚು ಜನ ಎಡವುವುದು ಆ ಕಾರ್ಬನ್‌ನಿಂದ ಚಿನ್ನ ಬಿಡಿಸುವ ಎಲ್ಯೂಶನ್ ಹಂತದಲ್ಲಿ. ವಾತಾವರಣದ ಒತ್ತಡದಲ್ಲೇ ನಡೆಸುವ ಜಾಡ್ರಾ ಎಂಬ ಎಲ್ಯೂಶನ್ ವಿಧಾನಕ್ಕೆ 95 ಡಿಗ್ರಿಗೂ ಮೇಲಿನ ದ್ರಾವಣ ಬೇಕು. 4,000 ಮೀಟರ್‌ನಲ್ಲಿ ನೀರು 87 ಡಿಗ್ರಿ ಹತ್ತಿರವೇ ಕುದಿಯುತ್ತದೆ. ಹೀಟರ್ ಎಷ್ಟು ದೊಡ್ಡದಿದ್ದರೂ ಉಷ್ಣತೆ ಮೇಲೇರದು, ಕಾರ್ಬನ್‌ನಲ್ಲಿ ಚಿನ್ನ ಉಳಿದೇ ಇರುತ್ತದೆ. ಮೊದಲಿನಿಂದಲೇ ಒತ್ತಡ ತಡೆಯುವ ಕಾಲಮ್ಮಿಗೆ ಆರ್ಡರ್ ಕೊಡಬೇಕು. ಪಂಪುಗಳದ್ದೂ ಇದೇ ಪಾಡು. ಕೆಳಗೆ 10.3 ಮೀಟರ್ ನೀರೆತ್ತರಕ್ಕೆ ಸಮನಾದ ವಾಯುಒತ್ತಡ ಸಿಗುವ ಕಡೆ ಇಲ್ಲಿ 6.3 ಮೀಟರ್ ಮಾತ್ರ. ಸಕ್ಷನ್ ಪೈಪು ಸ್ವಲ್ಪ ಉದ್ದವಾದರೂ ಪಂಪು ಕ್ಯಾವಿಟೇಟ್ ಆಗಿ (ಒಳಗೆ ಆವಿಗುಳ್ಳೆಗಳೆದ್ದು ಒಡೆದು) ಇಂಪೆಲ್ಲರ್, ಅಂದರೆ ತಿರುಗುವ ಚಕ್ರವನ್ನು ತಿಂದುಹಾಕುತ್ತದೆ. ಮೋಟರ್, ಟ್ರಾನ್ಸ್‌ಫಾರ್ಮರ್‌ಗಳ ಸಾಮಾನ್ಯ ರೇಟಿಂಗ್ 1,000 ಮೀಟರ್‌ವರೆಗೆ. ತೆಳುಗಾಳಿ ತಂಪು ಮಾಡುವುದೂ ಕಡಿಮೆ, ವಿದ್ಯುತ್ ತಡೆಯುವುದೂ ಕಡಿಮೆ. ಹಾಗಾಗಿ ಸ್ವಿಚ್‌ಗೇರ್‌ನಲ್ಲಿ (ವಿದ್ಯುತ್ ಹರಿಸುವ, ಕಡಿಯುವ ಪೆಟ್ಟಿಗೆಗಳಲ್ಲಿ) ತಂತಿಗಳ ನಡುವಿನ ಅಂತರವೂ ಹೆಚ್ಚಿರಬೇಕು.

ರಸ್ತೆಯ ಲೆಕ್ಕಕ್ಕೆ ವರ್ಷಕ್ಕೆ 10 ಲಕ್ಷ ಟನ್ ಅರೆಯುವ ಮಿಲ್ಲೊಂದನ್ನು ಹಿಡಿಯೋಣ. ಟನ್ನಿಗೆ ಅರ್ಧ ಕಿಲೋದಂತೆ ಸಯನೈಡ್ 500 ಟನ್, ಒಂದು ಕಿಲೋದಂತೆ ಅದಿರು ಅರೆಯುವ ಉಕ್ಕಿನ ಚೆಂಡು 1,000 ಟನ್, ಒಂದೂವರೆ ಕಿಲೋದಂತೆ ಸುಣ್ಣ 1,500 ಟನ್. ಇವೆಲ್ಲ ಡೀಸೆಲ್ ಮುಂದೆ ಏನೂ ಅಲ್ಲ. ಟನ್ನಿಗೆ 30 ಯೂನಿಟ್ ವಿದ್ಯುತ್, ಯೂನಿಟ್ಟಿಗೆ 0.27 ಲೀಟರ್ ಡೀಸೆಲ್ ಎಂದರೆ ವರ್ಷಕ್ಕೆ 81 ಲಕ್ಷ ಲೀಟರ್. 20,000 ಲೀಟರ್‌ನ ಟ್ಯಾಂಕರ್ 405 ಸಲ ಬೆಟ್ಟ ಹತ್ತಬೇಕು. ಗಣಿಯ ಟ್ರಕ್ಕುಗಳ ಡೀಸೆಲ್ ಇದರಲ್ಲಿ ಸೇರಿಲ್ಲ. ಹಿಮ ಅಥವಾ ಭೂಕುಸಿತದಿಂದ ದಾರಿ ಕಟ್ಟಿಹೋಗುವ ಜಾಗದಲ್ಲಿ 60 ದಿನದ ದಾಸ್ತಾನು ಬೇಕೆಂದರೆ 13 ಲಕ್ಷ ಲೀಟರ್‌ಗೂ ಮೇಲಿನ ಟ್ಯಾಂಕುಗಳು. ಹತ್ತಿರದಲ್ಲಿ ತೊರೆ ಇದ್ದರೆ ಕಿರು ಜಲವಿದ್ಯುತ್ತನ್ನು ಲೆಕ್ಕ ಹಾಕಿ ನೋಡದೆ ಮುಂದೆ ಹೋಗಬೇಡಿ. ಅತಿ ಭಾರದ ಬಿಡಿಭಾಗ ಯಾವುದೋ, ಸೇತುವೆಗಳ ಅಳತೆ ಅದರದ್ದು. ಮಿಲ್ ಶೆಲ್ಲನ್ನು (ಮಿಲ್ಲಿನ ಹೊರಕವಚವನ್ನು) ಹೋಳುಗಳಲ್ಲಿ ತರಿಸಿ, ಒಂದು ದೊಡ್ಡ ಟ್ರಾನ್ಸ್‌ಫಾರ್ಮರ್ ಬದಲು ಎರಡು ಚಿಕ್ಕವನ್ನು ಹಾಕಿದರೆ ರಸ್ತೆಯ ಖರ್ಚೇ ತಗ್ಗುತ್ತದೆ.

ಸಯನೈಡ್ ಸಾಗಣೆಗೆ ಬೇರೆಯೇ ಶಿಸ್ತು ಬೇಕು. ಕಿರ್ಗಿಸ್ತಾನದ ಕುಮ್ತೋರ್ ಗಣಿಗೆ ಹೊರಟಿದ್ದ ಟ್ರಕ್ 1998ರ ಮೇ ತಿಂಗಳಲ್ಲಿ ಬರ್ಸ್ಕೂನ್ ನದಿಗೆ ಉರುಳಿ ಸೋಡಿಯಂ ಸಯನೈಡ್ ನೀರಿಗೆ ಬಿತ್ತು. ಬೆಂಗಾವಲು ವಾಹನ, ಹಗಲು ಪ್ರಯಾಣ, ಮುಚ್ಚಿದ ಕಂಟೇನರ್ ಇವು ಕನಿಷ್ಠ. ನೆಲದ ಮೇಲೆ ಚೆಲ್ಲಿದ್ದಕ್ಕೆ ಸಯನೈಡನ್ನು ಮುರಿಯುವ ಹೈಪೋಕ್ಲೋರೈಟ್ ಸರಿ, ಹರಿಯುವ ನೀರಿಗೆ ಅದನ್ನು ಸುರಿಯಲೇಬಾರದು. ಅದೂ ಮೀನಿಗೆ ವಿಷವೇ.

ಟೇಲಿಂಗ್ಸ್ (ಚಿನ್ನ ತೆಗೆದ ಮೇಲೆ ಉಳಿಯುವ ಕೆಸರು) ಅಣೆಕಟ್ಟಿಗೆ ಕಣಿವೆ ಆರಿಸುವ ಮೊದಲು ಇಳಿಜಾರನ್ನು ಕೊರೆದು ನೋಡಿ. ಪಪುವಾ ನ್ಯೂಗಿನಿಯ ಓಕ್ ಟೆಡಿ ಗಣಿಯಲ್ಲಿ 1984ರಲ್ಲಿ ಭೂಕುಸಿತ ಅಣೆಕಟ್ಟಿನ ಜಾಗವನ್ನೇ ಹಾಳುಮಾಡಿತು, ಶಾಶ್ವತ ಅಣೆಕಟ್ಟು ಆಮೇಲೆ ಕಟ್ಟಲೇ ಇಲ್ಲ, ಟೇಲಿಂಗ್ಸ್ ನದಿಯ ಪಾಲಾಯಿತು. ಅಣೆಕಟ್ಟಿನ ಹಿಂದಿನ ಟೇಲಿಂಗ್ಸ್ ಕೆರೆಗೆ ಬಿಡುವ ಕೆಸರಿನಲ್ಲಿ ವ್ಯಾಡ್ ಸಯನೈಡ್ (ದುರ್ಬಲ ಆಮ್ಲದಲ್ಲಿ ಬಿಡುಗಡೆಯಾಗುವ ಸಯನೈಡ್) ಲೀಟರಿಗೆ 50 ಮಿಲಿಗ್ರಾಂ ದಾಟಬಾರದು. ಅದನ್ನು ತಗ್ಗಿಸುವ ಗಂಧಕದ ಡೈಆಕ್ಸೈಡ್–ಗಾಳಿ ವಿಧಾನಕ್ಕೂ ಆಮ್ಲಜನಕ ಬೇಕು, ಬ್ಲೋಯರ್ ಮತ್ತೆ ದೊಡ್ಡದು. ತ್ಯಾಜ್ಯ ಕಲ್ಲು ಆಮ್ಲ ಬಿಡುತ್ತದೆಯೇ ಎಂದು ನೋಡುವ ಹ್ಯುಮಿಡಿಟಿ ಸೆಲ್ ಪರೀಕ್ಷೆಗೆ (ಕಲ್ಲನ್ನು ತೇವಗಾಳಿಗೆ ಒಡ್ಡಿ ಆಗಾಗ ತೊಳೆದು ನೋಡುವುದು) ಕನಿಷ್ಠ 20 ವಾರ ಹಿಡಿಯುತ್ತದೆ. ಡ್ರಿಲ್ಲಿಂಗ್ ನಡೆಯುವಾಗಲೇ ಆರಂಭಿಸಿದರೆ ಮಾತ್ರ ವಿನ್ಯಾಸಕ್ಕೆ ಉಪಯೋಗ.

ಇವೆಲ್ಲಕ್ಕೂ ಮುಂಚೆ, ಮೊದಲ ರಿಗ್ ಬರುವುದಕ್ಕೂ ಮುಂಚೆ, ಸುತ್ತಲಿನ ಪ್ರತಿ ಒರತೆ, ತೊರೆಯ ನೀರನ್ನು ಒಂದು ಪೂರ್ತಿ ವರ್ಷ ತಿಂಗಳಿಗೊಮ್ಮೆ ಪರೀಕ್ಷಿಸಿಡಿ. ಚಿನ್ನವಿರುವ ಬೆಟ್ಟದ ನೀರಿನಲ್ಲಿ ಆರ್ಸೆನಿಕ್ ಮೊದಲೇ ಇರಬಹುದು. ಕೆಳಗಿನ ಊರಿನವರು ನಾಳೆ ಕೇಳಿದಾಗ ಆ ದಾಖಲೆ ಬಿಟ್ಟರೆ ತೋರಿಸಲು ಬೇರೇನೂ ಇರುವುದಿಲ್ಲ. ಕರಗಿದ ಲೋಹಗಳ ಪರೀಕ್ಷೆಗೆ ತೆಗೆದ ನೀರನ್ನು ದಡದಲ್ಲೇ 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ, ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗಿಳಿಸಬೇಕು. ಹಾಗೇ ಬಿಟ್ಟರೆ ಕಬ್ಬಿಣ ಗಷ್ಟುಕಟ್ಟಿ ಆರ್ಸೆನಿಕ್ಕನ್ನೂ ಜೊತೆಗೆಳೆದುಕೊಂಡು ತಳಕ್ಕೆ ಕೂರುತ್ತದೆ, ಪ್ರಯೋಗಾಲಯ ಸುಳ್ಳೇ ಕಡಿಮೆ ಅಂಕಿ ಕೊಡುತ್ತದೆ.